ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಂಡಿಯೂರಿದ ಮಕ್ಕಳ ಬಗ್ಗೆ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮ್ಮ ಭಾನುವಾರದ ಕನ್ನಡ ಶಾಲೆಯ ಕ್ರೀಡಾಕೂಟದಲ್ಲಿ ಅಮೆರಿಕದ ರಾಷ್ಟ್ರಗೀತೆ ಮೊಳಗುತ್ತಿದ್ದಾಗ ಹಿರಿಯರ ತರಗತಿಯ ಇಬ್ಬರು ಮಕ್ಕಳು ಎದ್ದು ನಿಲ್ಲದೆ ಮಂಡಿಯೂರಿದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಮೈದಾನದಲ್ಲಿ ಕಾಣದವರಿಗೆ ಸಂಜೆಯೊಳಗೆ ವಾಟ್ಸ್‌ಆ್ಯಪ್ ಕಾಣಿಸಿತು. ಆ ಮಕ್ಕಳನ್ನು ಶಾಲೆಯಿಂದ ತೆಗೆದುಹಾಕಿ ಎಂದು ಕೆಲವರು ಬರೆದಿದ್ದೀರಿ. ಸಭೆಯಲ್ಲಿ ಅವರನ್ನು ಸನ್ಮಾನಿಸಿ ಎಂದು ಒಬ್ಬರು ಬರೆದಿದ್ದಾರೆ. ಎರಡೂ ಆಗುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದರೆ ಮತ್ತೆ ಇಷ್ಟೇ ಇಮೇಲ್‌ಗಳು ಬರುತ್ತವೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿನಲ್ಲಿ ಸದ್ದಿಲ್ಲದೆ ಮಂಡಿಯೂರಿದ ಮಗುವಿಗೆ ಶಿಕ್ಷೆ ಇಲ್ಲ. ಇದು ನನ್ನ ಮತ್ತು ಶಿಕ್ಷಕರ ಒಮ್ಮತದ ತೀರ್ಮಾನ.

ದೂರಿನ ಜೊತೆ ಬಂದ ಫೋಟೊವನ್ನು ನಾನು ಸಾವಧಾನವಾಗಿ ನೋಡಿದೆ. ಮುಂದೆ ಇಬ್ಬರು ಮಕ್ಕಳು, ತಲೆ ತಗ್ಗಿಸಿ, ಒಂದು ಮಂಡಿ ಹುಲ್ಲಿಗೆ ಊರಿ. ಅವರ ಹಿಂದೆ ದೊಡ್ಡವರ ಸಾಲು. ಒಬ್ಬರ ಕಣ್ಣು ಮೊಬೈಲ್ ಮೇಲಿದೆ, ಇನ್ನೊಬ್ಬರು ಸಮೋಸದ ತಟ್ಟೆಗಳ ಮೇಲಿನ ಹಾಳೆ ಸರಿಪಡಿಸುತ್ತಿದ್ದಾರೆ, ಇಬ್ಬರು ಏನೋ ಮಾತಿನಲ್ಲಿದ್ದಾರೆ. ಫೋಟೊ ತೆಗೆದವರ ಕೈ ಆ ಹೊತ್ತಿನಲ್ಲಿ ಎದೆಯ ಮೇಲೆ ಇರಲಿಲ್ಲ ಎಂಬುದಂತೂ ಖಚಿತ. ಯಾರನ್ನೂ ಹಂಗಿಸಲು ಇದನ್ನು ಹೇಳುತ್ತಿಲ್ಲ. ಇಡೀ ಚಿತ್ರದಲ್ಲಿ ಹಾಡಿನ ಕಡೆ ಗಮನ ಕೊಟ್ಟವರು ಯಾರು ಎಂದು ಕೇಳಿದರೆ ನನ್ನ ಬೆರಳು ಆ ಇಬ್ಬರ ಕಡೆಗೇ ಹೋಗುತ್ತದೆ.

ಈ ಮಂಡಿಯೂರುವಿಕೆ ಎಲ್ಲಿಂದ ಬಂತು ಎಂಬ ಕಥೆ ನಮ್ಮ ಊರಿನದೇ. ನಿಮ್ಮಲ್ಲಿ ಅನೇಕರ ಕಚೇರಿಗೆ ಹತ್ತಿರದಲ್ಲೇ ಇರುವ, ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ 2016ರ ಆಗಸ್ಟ್ 26ರಂದು ಗ್ರೀನ್ ಬೇ ತಂಡದ ವಿರುದ್ಧ ಅಭ್ಯಾಸ ಪಂದ್ಯವಿತ್ತು. ಅಮೆರಿಕನ್ ಫುಟ್‌ಬಾಲ್ ಆಡುವ ಫಾರ್ಟಿನೈನರ್ಸ್ ತಂಡದ ಏಳನೇ ನಂಬರಿನ ಅಂಗಿಯ ಆಟಗಾರ ಕಾಲಿನ್ ಕ್ಯಾಪರ್ನಿಕ್ ರಾಷ್ಟ್ರಗೀತೆಗೆ ಏಳದೆ ಬೆಂಚಿನ ಮೇಲೆ ಕುಳಿತೇ ಇದ್ದರು. ಅದಕ್ಕೂ ಮುಂಚಿನ ಪಂದ್ಯಗಳಲ್ಲೂ ಕುಳಿತಿದ್ದರು, ಯಾರೂ ಗಮನಿಸಿರಲಿಲ್ಲ. ಅಂದು ಪತ್ರಕರ್ತರು ಕೇಳಿದಾಗ, ಕರಿಯರನ್ನು ತುಳಿಯುವ ದೇಶದ ಬಾವುಟದ ಬಗ್ಗೆ ಹೆಮ್ಮೆ ತೋರಿಸಲು ತಾನು ಎದ್ದು ನಿಲ್ಲುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಆ ಜುಲೈನಲ್ಲಷ್ಟೇ ಲೂಯಿಸಿಯಾನಾದಲ್ಲಿ ಆಲ್ಟನ್ ಸ್ಟರ್ಲಿಂಗ್, ಮಿನೆಸೋಟಾದಲ್ಲಿ ಫಿಲ್ಯಾಂಡೊ ಕ್ಯಾಸ್ಟಿಲ್ ಎಂಬ ಕರಿಯರಿಬ್ಬರು ಪೊಲೀಸರ ಗುಂಡಿಗೆ ಸತ್ತಿದ್ದರು. ದೇಶ ಕೆಂಡಾಮಂಡಲವಾಯಿತು. ಕ್ಯಾಪರ್ನಿಕ್ ಹೆಸರಿನ ಅಂಗಿಗಳನ್ನು ಸುಟ್ಟರು.

ಇಲ್ಲಿಂದ ಮುಂದಿನ ಭಾಗವನ್ನು ನಾನು ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ. ನೇಟ್ ಬಾಯರ್ ಎಂಬವರು ಸೇನೆಯ ವಿಶೇಷ ಪಡೆಯಲ್ಲಿ ಕೆಲಸ ಮಾಡಿದವರು, ಆಮೇಲೆ ಸ್ವಲ್ಪ ಕಾಲ ಫುಟ್‌ಬಾಲ್ ಆಡಿದವರು. ಕ್ಯಾಪರ್ನಿಕ್ ಕುಳಿತದ್ದು ಅವರಿಗೆ ನೋವಾಗಿತ್ತು. ಬೈಯುವ ಬದಲು ಒಂದು ಬಹಿರಂಗ ಪತ್ರ ಬರೆದರು. ಅದನ್ನು ಓದಿದ ಕ್ಯಾಪರ್ನಿಕ್, ಬಾಯರ್ ಅವರನ್ನು ಭೇಟಿಗೆ ಕರೆದರು. ಇಬ್ಬರೂ ಕುಳಿತು ಮಾತನಾಡಿದರು. ಬೆಂಚಿನ ಮೇಲೆ ಒಂಟಿಯಾಗಿ ಕೂರಬೇಡ, ಜೊತೆಗಾರರ ಪಕ್ಕದಲ್ಲಿ ಮಂಡಿಯೂರು, ನಮ್ಮ ಸೈನಿಕರು ಮಡಿದ ಗೆಳೆಯನ ಸಮಾಧಿಯ ಮುಂದೆ ಹಾಗೆಯೇ ಮಾಡುತ್ತಾರೆ ಎಂದು ಸಲಹೆ ಕೊಟ್ಟವರು ಬಾಯರ್. 2016ರ ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೊದಲ್ಲಿ ಸೈನಿಕರ ಗೌರವಾರ್ಥ ಏರ್ಪಡಿಸಿದ್ದ ಪಂದ್ಯದಲ್ಲೇ ಕ್ಯಾಪರ್ನಿಕ್ ಮತ್ತು ಅವರ ತಂಡದ ಎರಿಕ್ ರೀಡ್ ಮಂಡಿಯೂರಿದರು. ಪಕ್ಕದಲ್ಲಿ ಬಾಯರ್ ಎದೆಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದರು. ಸೈನಿಕರನ್ನು ಅವಮಾನಿಸುವ ಭಂಗಿ ಎಂದು ಕೆಲವರು ನನಗೆ ಬರೆದದ್ದು ಒಬ್ಬ ಸೈನಿಕನೇ ಸೂಚಿಸಿದ ಭಂಗಿಯನ್ನು. ಇಷ್ಟು ತಿಳಿದ ಮೇಲೂ ನಿಮಗೆ ಅದು ತಪ್ಪೆನಿಸಬಹುದು. ತಿಳಿದು ತಪ್ಪೆನ್ನಿ, ಅದರಲ್ಲಿ ನನಗೆ ತಕರಾರಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. 2017ರ ಮಾರ್ಚ್‌ನಲ್ಲಿ ಕ್ಯಾಪರ್ನಿಕ್ ತಂಡ ಬಿಟ್ಟರು, ಮತ್ತೆ ಯಾವ ತಂಡವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದವರೆಗೆ ತಂಡವನ್ನು ಒಯ್ದಿದ್ದ ಆಟಗಾರ. ಆ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅಲಬಾಮಾದ ಸಭೆಯಲ್ಲಿ ಮಂಡಿಯೂರುವ ಆಟಗಾರರನ್ನು ಹೊಲಸು ಮಾತಿನಲ್ಲಿ ಬೈದು, ಕಿತ್ತೆಸೆಯಿರಿ ಎಂದರು. ಎರಡು ದಿನದ ನಂತರ ಷಿಕಾಗೊದಲ್ಲಿ ಪಿಟ್ಸ್‌ಬರ್ಗ್ ತಂಡ ಈ ಗಲಾಟೆಯೇ ಬೇಡವೆಂದು ಹಾಡಿನ ಹೊತ್ತಿಗೆ ಮೈದಾನಕ್ಕೆ ಬಾರದೆ ಒಳಗೇ ಉಳಿಯಿತು. ಅಫ್ಘಾನಿಸ್ತಾನದಲ್ಲಿ ಹೋರಾಡಿ ಬಂದಿದ್ದ ಆ ತಂಡದ ಅಲೆಹಾಂಡ್ರೊ ವಿಲನೇವಾ ಮಾತ್ರ ಮೈದಾನಕ್ಕೆ ತೆರೆಯುವ ಸುರಂಗದ ಬಾಯಿಯಲ್ಲಿ ಒಬ್ಬರೇ ನಿಂತು ಎದೆಗೆ ಕೈಯಿಟ್ಟುಕೊಂಡರು. ಜನ ಅವರನ್ನು ಹಾಡಿ ಹೊಗಳಿದರು. ಅವರಾದರೋ ಮರುದಿನ, ಜೊತೆಯವರನ್ನು ಹಿಂದೆ ಬಿಟ್ಟಂತೆ ಕಂಡದ್ದಕ್ಕೆ ತನಗೆ ನಾಚಿಕೆಯಾಗಿದೆ ಎಂದರು. ಕೂತವರಿಗೂ ನಿಂತವರಿಗೂ ನೆಮ್ಮದಿ ಇರಲಿಲ್ಲ ಎಂದಾಯಿತು. 2018ರಲ್ಲಿ ಫುಟ್‌ಬಾಲ್ ಲೀಗ್, ಮೈದಾನದಲ್ಲಿರುವ ಆಟಗಾರರು ಕಡ್ಡಾಯವಾಗಿ ನಿಲ್ಲಬೇಕೆಂಬ ನಿಯಮ ತಂದು, ಎರಡೇ ತಿಂಗಳಲ್ಲಿ ತಡೆಹಿಡಿಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ವ್ಯಕ್ತಿ ಪೊಲೀಸರ ಹಿಡಿತದಲ್ಲಿ ಸತ್ತ ಮೇಲೆ ಲೀಗ್‌ನ ಮುಖ್ಯಸ್ಥರು, ಆಟಗಾರರ ಮಾತನ್ನು ಮೊದಲೇ ಕೇಳದಿದ್ದದ್ದು ತಪ್ಪು ಎಂದರು. ನಾಲ್ಕು ವರ್ಷ ಇಡೀ ದೇಶ ಮಂಡಿಯ ಬಗ್ಗೆ ಮಾತನಾಡಿತು, ಗುಂಡಿನ ಬಗ್ಗೆ ಮಾತನಾಡಿದ್ದು ಕಡಿಮೆ. ನಮ್ಮ ಗುಂಪಿನಲ್ಲೂ ನಡೆದದ್ದು ಅದೇ: ನೂರಾರು ಸಂದೇಶಗಳಲ್ಲಿ ಆ ಮಕ್ಕಳನ್ನು "ಏಕೆ ಕೂತಿರಿ?" ಎಂದು ಕೇಳೋಣ ಎಂದವರು ಒಬ್ಬರೂ ಇರಲಿಲ್ಲ.

ನಾನು ಕೇಳಿದೆ. ಅವರ ಮತ್ತು ಅವರ ತಂದೆತಾಯಿಯರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಒಬ್ಬಳಿಗೆ ತನ್ನ ವಾರದ ದಿನಗಳ ಶಾಲೆಯಲ್ಲಿ ಆಪ್ತ ಗೆಳೆಯನೊಬ್ಬನಿದ್ದಾನೆ, ಕರಿಯ ಹುಡುಗ. ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋದಾಗ ಕಾವಲುಗಾರ ಅವನ ಬೆನ್ನ ಹಿಂದೆಯೇ ಬರುತ್ತಾನೆ, ಇವಳ ಬೆನ್ನ ಹಿಂದೆ ಬರುವುದಿಲ್ಲ. "ಅವನಿಗೆ ಅದು ಅಭ್ಯಾಸವಾಗಿಬಿಟ್ಟಿದೆ ಮಿಸ್, ನನಗೆ ಆಗಿಲ್ಲ" ಎಂದಳು. ಅಚ್ಚ ಕನ್ನಡದಲ್ಲಿಯೇ ಹೇಳಿದಳು ಎಂಬುದನ್ನು, ಇವಳಿಗೆ ಕನ್ನಡ ಬರುವುದಿಲ್ಲ ಎಂದು ಕೊರಗುವ ಅವಳ ಅಜ್ಜಿಯ ಸಮಾಧಾನಕ್ಕೆ ಸೇರಿಸುತ್ತಿದ್ದೇನೆ. ಎರಡನೆಯವಳು ನೇರವಾಗಿ, "ಅವಳು ಒಬ್ಬಳೇ ಕೂತಿದ್ದಳು, ಅದಕ್ಕೆ ನಾನೂ ಕೂತೆ" ಎಂದಳು.

ಕುರಿಮಂದೆ ಎಂದು ನೀವು ನಗಬಹುದು. ನನಗೆ ನಗು ಬರಲಿಲ್ಲ. ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ 2005ರಿಂದ ಒಂದು ದೊಡ್ಡ ಪ್ರತಿಮೆ ಇದೆ. ಅಲ್ಲಿಯೇ ಓದಿದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್, 1968ರ ಅಕ್ಟೋಬರ್ 16ರಂದು ಮೆಕ್ಸಿಕೊ ಒಲಿಂಪಿಕ್ಸ್‌ನ 200 ಮೀಟರ್ ಓಟದ ಪದಕ ವೇದಿಕೆಯಲ್ಲಿ ಕಪ್ಪು ಕೈಗವಸಿನ ಮುಷ್ಟಿ ಎತ್ತಿ ನಿಂತ ದೃಶ್ಯ. ಸ್ಮಿತ್ 19.83 ಸೆಕೆಂಡಿನಲ್ಲಿ ವಿಶ್ವ ದಾಖಲೆ ಓಡಿದ್ದರು. ಕಾಲಲ್ಲಿ ಬೂಟಿಲ್ಲ, ಬಡತನವನ್ನು ತೋರಿಸಲು ಕಪ್ಪು ಕಾಲುಚೀಲ ಮಾತ್ರ. ಕಾರ್ಲೋಸ್ ತಮ್ಮ ಕೈಗವಸು ಮರೆತು ಬಂದಿದ್ದರಿಂದ ಇದ್ದ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಂಡರು, ಹಾಗಾಗಿ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಬಿಳಿಯ. ಅವರಿಗೆ ಕೈ ಎತ್ತುವ ಕಾರಣ ಇರಲಿಲ್ಲ, ಎತ್ತಲೂ ಇಲ್ಲ. ಮಾನವ ಹಕ್ಕುಗಳ ಒಂದು ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತರು, ಅಷ್ಟೇ. ಅಮೆರಿಕದ ಇಬ್ಬರನ್ನೂ ಒಲಿಂಪಿಕ್ಸ್‌ನಿಂದ ಹೊರಗೆ ಕಳಿಸಿದರು. ನಾರ್ಮನ್ 2006ರಲ್ಲಿ ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಆಸ್ಟ್ರೇಲಿಯಾಕ್ಕೆ ಹೋಗಿ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ನಾರ್ಮನ್ ಅವರನ್ನು ನಡೆಸಿಕೊಂಡ ರೀತಿಗೆ ಆ ದೇಶದ ಸಂಸತ್ತು 2012ರಲ್ಲಿ ಕ್ಷಮೆ ಕೇಳಿತು. ಸ್ಯಾನ್ ಹೋಸೆಯ ಪ್ರತಿಮೆಯಲ್ಲಿ ನಾರ್ಮನ್ ನಿಂತ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಬಂದವರು ಹತ್ತಿ ನಿಲ್ಲಲಿ ಎಂದು. ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ವಾಹನ ನಿಲುಗಡೆಗೆ ಮಾತ್ರ ಸ್ವಲ್ಪ ಪರದಾಡಬೇಕಾಗುತ್ತದೆ.

ಕಾನೂನಿನ ಮಾತು ಎತ್ತಿದವರಿಗೆ: ಬಾವುಟಕ್ಕೆ ವಂದಿಸಲು ಶಾಲಾ ಮಕ್ಕಳನ್ನು ಬಲವಂತ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1943ರಲ್ಲೇ, ಮಹಾಯುದ್ಧ ನಡೆಯುತ್ತಿದ್ದಾಗಲೇ, ತೀರ್ಪು ಕೊಟ್ಟಿದೆ. ಅದಕ್ಕೆ ಮೂರೇ ವರ್ಷ ಮುಂಚೆ ಅದೇ ಕೋರ್ಟ್ ಇದಕ್ಕೆ ತದ್ವಿರುದ್ಧವಾಗಿ ಹೇಳಿತ್ತು, ತಿದ್ದಿಕೊಂಡಿತು. 2017ರ ಡಿಸೆಂಬರ್‌ನಲ್ಲಿ ನಮ್ಮ ಕ್ಯಾಲಿಫೋರ್ನಿಯಾದಲ್ಲೇ ಪ್ರೌಢಶಾಲೆಯ ಆಟಗಾರನೊಬ್ಬ ಮಂಡಿಯೂರದಂತೆ ತಡೆಯುವ ನಿಯಮಕ್ಕೆ ಫೆಡರಲ್ ನ್ಯಾಯಾಲಯ ತಡೆ ಹಾಕಿತು. ಇವೆಲ್ಲ ಸರ್ಕಾರಿ ಶಾಲೆಗಳ ಮಾತು, ಖಾಸಗಿಯಾದ ನಮ್ಮ ಶಾಲೆಗೆ ಅನ್ವಯಿಸುವುದಿಲ್ಲ ಎಂದು ವಕೀಲರಾದ ಪೋಷಕರೊಬ್ಬರು ತಿಳಿಸಿದ್ದಾರೆ. ಸರಿಯೇ. ನಮ್ಮ ಮಕ್ಕಳಿಗೆ ಸೋಮವಾರದಿಂದ ಶುಕ್ರವಾರದವರೆಗೆ ಸಂವಿಧಾನ ಕೊಟ್ಟ ಹಕ್ಕನ್ನು ಭಾನುವಾರ ನಾನು ಕಿತ್ತುಕೊಳ್ಳಬಹುದು. ನನಗೆ ಅದು ಬೇಡ.

"ಜನಗಣಮನಕ್ಕೂ ಹೀಗೆಯೇ ಹೇಳುತ್ತೀರಾ?" ಎಂಬುದು ಹಲವರ ಸವಾಲು. ನ್ಯಾಯವಾದ ಸವಾಲು. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಒಡಹುಟ್ಟಿದ ಮಕ್ಕಳು ಪ್ರಾರ್ಥನಾ ಸಭೆಯಲ್ಲಿ ಜನಗಣಮನ ಹಾಡುತ್ತಿರಲಿಲ್ಲ, ಎದ್ದು ನಿಲ್ಲುತ್ತಿದ್ದರು. ಶಾಲೆ ಹೊರಗೆ ಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದರು; ನಮ್ಮ ಪರಂಪರೆ, ತತ್ತ್ವಜ್ಞಾನ, ಸಂವಿಧಾನ ಎಲ್ಲವೂ ಸಹನೆಯನ್ನೇ ಕಲಿಸುತ್ತವೆ, ಅದನ್ನು ತೆಳುವಾಗಿಸಬೇಡಿ ಎಂಬುದು ಆ ತೀರ್ಪಿನ ಸಾರ. ಆದರೆ ಆ ಮಕ್ಕಳು ಎದ್ದು ನಿಂತಿದ್ದರು ಎಂಬುದನ್ನು ಮುಚ್ಚಿಟ್ಟು ನಾನು ವಾದ ಗೆಲ್ಲಬಾರದು. ಭಾರತದಲ್ಲಿ ಮಂಡಿಯೂರಿದ್ದರೆ ಕೋರ್ಟ್ ಏನು ಹೇಳುತ್ತಿತ್ತೋ, ಆ ತೀರ್ಪಿನಿಂದ ತೀರ್ಮಾನಿಸಲಾಗದು. ನಮ್ಮ ಶಾಲೆಯ ಮಟ್ಟಿಗೆ ಉತ್ತರ: ಹೌದು, ಎರಡು ಹಾಡಿಗೂ ಒಂದೇ ನಿಯಮ. ನಾಡಗೀತೆಗೂ. ನಾಡಗೀತೆಯನ್ನು ಯಾವ ಧಾಟಿಯಲ್ಲಿ, ಎಷ್ಟು ನಿಮಿಷ ಹಾಡಬೇಕೆಂದು ವರ್ಷಗಟ್ಟಲೆ ಕಿತ್ತಾಡಿ, 2022ರಲ್ಲಿ ಸರ್ಕಾರವೇ ಎರಡೂವರೆ ನಿಮಿಷ ಎಂದು ಆದೇಶ ಹೊರಡಿಸಬೇಕಾದ ನಾಡಿನವರು ನಾವು. ಹಾಡುಗಳ ಬಗ್ಗೆ ಭಿನ್ನಾಭಿಪ್ರಾಯ ನಮಗೆ ಹೊಸದಲ್ಲ.

ಒಂದು ಇಮೇಲ್ ಮಾತ್ರ ನನ್ನನ್ನು ತುಂಬಾ ಹೊತ್ತು ಕೂರಿಸಿತು. "ನಾವು ಎಚ್-1ಬಿ ವೀಸಾದಲ್ಲಿರುವವರು, ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದೇವೆ. ಬೇರೆಯವರ ಮನೆಯಲ್ಲಿ ಅತಿಥಿಗಳು ತಗ್ಗಿ ಬಗ್ಗಿ ಇರಬೇಕಲ್ಲವೇ?" ಎಂದು ಬರೆದಿದ್ದರು. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾನೂ ಆ ಸಾಲಿನಲ್ಲಿ ನಿಂತು ಬಂದವಳು. ಆದರೆ ಆ ಇಬ್ಬರು ಹುಡುಗಿಯರು ಹುಟ್ಟಿದ್ದು ಇದೇ ಕೌಂಟಿಯ ಆಸ್ಪತ್ರೆಗಳಲ್ಲಿ. ಇದು ಅವರ ಮನೆ, ಅವರು ಇಲ್ಲಿ ಯಾರ ಅತಿಥಿಗಳೂ ಅಲ್ಲ. ನಮ್ಮ ಭಯವನ್ನು ಅವರಿಗೆ ಆಸ್ತಿಯಂತೆ ಬರೆದುಕೊಡುವುದು ಬೇಡ ಎನ್ನುವುದು ನನ್ನ ವಿನಂತಿ. ಅದೇ ಭಯದ ಕಾರಣಕ್ಕೆ ಇನ್ನೊಂದು ವಿಷಯವನ್ನು ವಿನಂತಿಯಾಗಿ ಅಲ್ಲ, ನಿಯಮವಾಗಿಯೇ ಹೇಳುತ್ತಿದ್ದೇನೆ: ಬೇರೆಯವರ ಮಕ್ಕಳ ಫೋಟೊವನ್ನು ಶಾಲೆಯ ಗುಂಪಿನಲ್ಲಾಗಲಿ ಹೊರಗಾಗಲಿ ಹಂಚಬೇಡಿ. ಈಗಾಗಲೇ ಹಾಕಿದವರು ಇಂದೇ ಅಳಿಸಿ.

ಉಳಿದದ್ದು ಚಿಕ್ಕದು. ನಿಲ್ಲುವ ಮಗುವನ್ನಾಗಲಿ ಮಂಡಿಯೂರುವ ಮಗುವನ್ನಾಗಲಿ ಅಣಕಿಸಿದರೆ ಸಹಿಸುವುದಿಲ್ಲ. ಹಾಡಿನ ನಡುವೆ ಕೂಗುವುದು, ನಗುವುದು ಯಾವ ಕಾರಣಕ್ಕೂ ಇಲ್ಲ. ಮಂಡಿಯೂರಿದ ಮಗುವನ್ನು ಆಮೇಲೆ ಒಬ್ಬ ಶಿಕ್ಷಕರು ಕಾರಣ ಕೇಳುತ್ತಾರೆ, ಹೇಳಲೇಬೇಕೆಂಬ ಬಲವಂತವಿಲ್ಲ. ನಾನು ಎಂದಿನಂತೆ ಎದ್ದು ನಿಂತು ಎದೆಗೆ ಕೈಯಿಟ್ಟುಕೊಳ್ಳುತ್ತೇನೆ. ಪ್ರಮಾಣವಚನ ತೆಗೆದುಕೊಂಡು ಪೌರತ್ವ ಪಡೆದ ನನಗೆ ಆ ಹಾಡು ಹತ್ತಿರದ್ದು. ಒಪ್ಪದವರು ಬರುವ ಭಾನುವಾರ ತರಗತಿ ಮುಗಿದ ಮೇಲೆ ಬಂದು ನನ್ನೊಡನೆ ಜಗಳವಾಡಬಹುದು, ಕಾಫಿ ಇರುತ್ತದೆ.

ರಾಜ್ಯೋತ್ಸವಕ್ಕೆ ಮೂರು ಹಾಡುಗಳನ್ನೂ ಧ್ವನಿಮುದ್ರಿಕೆ ಹಾಕದೆ ನಾವೇ ಹಾಡೋಣ ಎಂದುಕೊಂಡಿದ್ದೇವೆ. ಜನಗಣಮನಕ್ಕೂ ನಾಡಗೀತೆಗೂ ಬೇಕಾದಷ್ಟು ಕಂಠಗಳಿವೆ. ಅಮೆರಿಕದ ಗೀತೆ ಒಂದೂವರೆ ಸ್ಥಾಯಿ ಏರುತ್ತದೆ, ಕೊನೆಯ ಸಾಲುಗಳಿಗೆ ದೊಡ್ಡವರ ಗಟ್ಟಿ ದನಿ ಬೇಕು, ಈವರೆಗೆ ಹೆಸರು ಕೊಟ್ಟವರು ಒಬ್ಬರೇ. ರಾಷ್ಟ್ರಗೀತೆಯ ಗೌರವದ ಬಗ್ಗೆ ನನಗೆ ಬರೆದ ಎಲ್ಲರ ಹೆಸರನ್ನೂ ಗಾಯನ ತಂಡದ ಶಿಕ್ಷಕಿಗೆ ಕೊಡುತ್ತಿದ್ದೇನೆ. ಅಭ್ಯಾಸ ಬೆಳಿಗ್ಗೆ ಹತ್ತಕ್ಕೆ, ಎರಡನೇ ಕೊಠಡಿಯಲ್ಲಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ