ಆರೋಪಿ ಸತ್ತರೂ ಆ ಫೈಲ್ ಮುಚ್ಚಬೇಡಿ: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಮಸ್ಕಾರ.

ಹದಿನಾರು ವರ್ಷ ನಾನು ಒಂದು ತಾಲೂಕು ಕೇಂದ್ರದಲ್ಲಿ ಮಹಿಳೆಯರ ಆಪ್ತಸಮಾಲೋಚಕಿಯಾಗಿದ್ದೆ. ಊರಿನ ಹೆಸರು ಬೇಡ. ಗಂಡ ಹೆಂಡತಿ ಜಗಳ ಸ್ಟೇಷನ್ ಮೆಟ್ಟಿಲು ಹತ್ತಿದರೆ ನನಗೆ ಫೋನ್ ಬರುತ್ತಿತ್ತು. 'ಮೇಡಂ, ಒಂದು ಫ್ಯಾಮಿಲಿ ಮ್ಯಾಟರ್ ಇದೆ, ಸ್ವಲ್ಪ ಬುದ್ಧಿ ಹೇಳಿ ಕಳಿಸಿ.' ನಾನು ಹೋಗುತ್ತಿದ್ದೆ, ಹೇಳುತ್ತಿದ್ದೆ, ಕಳಿಸುತ್ತಿದ್ದೆ. ಹಾಗೆ ಕಳಿಸಿದವರಲ್ಲಿ ಒಬ್ಬಳು ಹದಿಮೂರನೇ ದಿನಕ್ಕೆ ಪೇಪರ್‌ನಲ್ಲಿ ಬಂದಳು. 'ಶೀಲ ಶಂಕಿಸಿ ಪತ್ನಿಯ ಕೊಂದು ಪತಿ ಆತ್ಮಹತ್ಯೆ.' ಒಳಪುಟ, ಸಿಂಗಲ್ ಕಾಲಂ.

ಆವತ್ತು ಸ್ಟೇಷನ್‌ನಲ್ಲಿ ಅವಳು ಹೊಡೆತದ ಬಗ್ಗೆ ಜಾಸ್ತಿ ಹೇಳಲಿಲ್ಲ. 'ನಿನ್ನನ್ನೂ ಮುಗಿಸಿ ನಾನೂ ಸಾಯ್ತೀನಿ ಅಂತಾರೆ ಅಕ್ಕಾ' ಅಂದಳು. ಪಕ್ಕದಲ್ಲಿದ್ದ ಪೇದೆ ನಕ್ಕರು. 'ಸಿಟ್ಟಲ್ಲಿ ಎಲ್ಲಾ ಗಂಡಸರೂ ಹಾಗೇ ಅಂತಾರಮ್ಮ.' ಆಮೇಲೆ ಗಂಡ ಬಂದ. ಕೈಮುಗಿದ, ಅತ್ತ. 'ಇವಳಿಲ್ಲದೆ ನಾನು ಬದುಕಲ್ಲ ಸಾರ್' ಅಂದ. ನಿಜ ಹೇಳಬೇಕು, ನಮ್ಮೆಲ್ಲರ ಮನಸ್ಸೂ ಕರಗಿತು. ಪಾಪ, ಹೆಂಡತಿ ಮೇಲೆ ಎಷ್ಟು ಪ್ರೀತಿ ಅಂದುಕೊಂಡೆವು. ಮುಚ್ಚಳಿಕೆ ಬರೆಸಿಕೊಂಡೆವು. ಅದರ ಅಕ್ಷರ ನನ್ನದೇ.

ಅವನ ಎರಡು ಮಾತನ್ನು ನಾವು ಬೇರೆ ಬೇರೆ ಅಂತ ತಿಳಿದೆವು. ಒಂದು ಬೆದರಿಕೆ, ಇನ್ನೊಂದು ಪ್ರೀತಿ. ಎರಡೂ ಒಂದೇ ಮಾತು ಅಂತ ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ಇಂಥ ಗಂಡಸಿನ ಮನಸ್ಸಿನಲ್ಲಿ ಹೆಂಡತಿ ಬೇರೆ ಜೀವ ಅಲ್ಲ. ಅವಳು ಅವನ ಮನೆ, ಅವನ ಮಾನ, ಅವನ ಗಂಡಸುತನ. ಅವಳು ಹೊರಟರೆ ಅಷ್ಟೂ ಹೋಯಿತು ಅಂತ ಅವನ ಲೆಕ್ಕ. ತಾನು ಸಾಯಬೇಕು ಅಂತ ಅನ್ನಿಸಿದಾಗ ಅವಳನ್ನು ಹಿಂದೆ ಬಿಟ್ಟುಹೋಗುವುದು ಅವನಿಗೆ ಹೊಳೆಯುವುದೇ ಇಲ್ಲ. ಎಷ್ಟೋ ಸಲ ಮಕ್ಕಳನ್ನೂ ಬಿಡುವುದಿಲ್ಲ.

ಇದು ನನ್ನ ಊಹೆ ಮಾತ್ರ ಅಲ್ಲ. ಅಮೆರಿಕದ ನರ್ಸ್ ಮತ್ತು ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಅವರ ತಂಡ 11 ನಗರಗಳಲ್ಲಿ ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ ಹೆಂಗಸರ ಪ್ರಕರಣಗಳನ್ನು ಹಿಡಿದು 2003ರಲ್ಲಿ ದೊಡ್ಡ ಅಧ್ಯಯನ ಪ್ರಕಟಿಸಿತು. ಹೆಂಡತಿಯ ಪ್ರತಿ ಹೆಜ್ಜೆಯನ್ನೂ ಹಿಡಿತದಲ್ಲಿ ಇಟ್ಟುಕೊಳ್ಳುವ ಗಂಡನನ್ನು ಬಿಟ್ಟು ಹೊರಟಾಗ ಕೊಲೆಯ ಅಪಾಯ ಸುಮಾರು ಒಂಬತ್ತು ಪಟ್ಟು ಏರಿತ್ತು. ಅದೇ ಮಾಹಿತಿಯನ್ನು 2006ರಲ್ಲಿ ಮತ್ತೆ ಜಾಲಾಡಿದರು. ಕೊಂದು ತಾನೂ ಸತ್ತವರನ್ನು ಮಾತ್ರ ಬೇರೆಯಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು: ಅವರು ಮುಂಚೆಯೇ 'ಸಾಯ್ತೀನಿ' ಅಂತ ಹೆದರಿಸಿದ್ದರು. ನಮ್ಮ ಪೇದೆ ನಕ್ಕದ್ದು ಇದೇ ಮಾತಿಗೆ.

ಇನ್ನೊಂದು ವಿಷಯ ಕತ್ತು ಹಿಸುಕುವುದು. ಒಮ್ಮೆ ಗಂಡ ಕತ್ತು ಹಿಸುಕಿದ್ದರೆ ಮುಂದೆ ಅವನ ಕೈಯಲ್ಲೇ ಸಾಯುವ ಅಪಾಯ ಏಳು ಪಟ್ಟಿಗೂ ಜಾಸ್ತಿ ಅಂತ ಅದೇ ಸಂಶೋಧಕರು 2008ರಲ್ಲಿ ತೋರಿಸಿದರು. ನಮ್ಮಲ್ಲಿ ಏನಾಗುತ್ತದೆ? ಚರ್ಮದ ಮೇಲೆ ಗುರುತು ಕಾಣಲಿಲ್ಲ ಅಂದರೆ ವೂಂಡ್ ಸರ್ಟಿಫಿಕೇಟ್‌ನಲ್ಲಿ ಬರೆಯಲು ಏನೂ ಇರುವುದಿಲ್ಲ. ತಲೆ ಒಡೆದು ರಕ್ತ ಬಂದರೆ ದೊಡ್ಡ ಕೇಸು. ಉಸಿರು ನಿಂತು ಮತ್ತೆ ಬಂದರೆ ಸಣ್ಣ ಕೇಸು. ಇದು ಪೂರ್ತಿ ತಲೆಕೆಳಗು ಅಲ್ವಾ?

ಇಂಥ ಸುದ್ದಿ ಬಂದಾಗಲೆಲ್ಲ 'ಕ್ಷಣಿಕ ಕೋಪದಲ್ಲಿ' ಅನ್ನುತ್ತೇವೆ. ಬ್ರಿಟನ್ನಿನ ಅಪರಾಧಶಾಸ್ತ್ರಜ್ಞೆ ಜೇನ್ ಮಾಂಕ್ಟನ್ ಸ್ಮಿತ್ ಗಂಡ ಅಥವಾ ಸಂಗಾತಿ ಮಾಡಿದ 372 ಕೊಲೆಗಳನ್ನು ನೋಡಿ 2019ರಲ್ಲಿ ಎಂಟು ಹಂತ ಗುರುತಿಸಿದರು. ಕೊಲೆ ಎಂಟನೆಯದು. ಅದರ ಹಿಂದೆ ಹಿಡಿತ ಇದೆ, ಹಿಡಿತ ಜಾರುವ ಒಂದು ಸಂದರ್ಭ ಇದೆ, ಮನಸ್ಸು ಬೇರೆ ಕಡೆ ತಿರುಗುವುದಿದೆ, ತಯಾರಿ ಇದೆ. ಕ್ಷಣ ಕೊನೆಯದು, ಅಷ್ಟೇ. ನಮ್ಮ ಕಡೆ ಆ ಹಿಡಿತ ಜಾರುವ ಸಂದರ್ಭ ಹೇಗಿರುತ್ತದೆ ಅಂತ ಆಪ್ತಸಮಾಲೋಚನಾ ಕೇಂದ್ರದಲ್ಲಿ ಕೂತ ಯಾರನ್ನಾದರೂ ಕೇಳಿ. ಅವಳು ತವರಿಗೆ ಹೋದ ವಾರ. ವಕೀಲರ ನೋಟಿಸ್ ತಲುಪಿದ ದಿನ. ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿ ಮೊದಲ ಸಂಬಳ ತಂದ ತಿಂಗಳು. ಆಮೇಲೆ ಒಂದು ಫೋನ್: 'ಕೊನೆಯ ಸಲ ಮಾತಾಡೋಣ ಬಾ.' ಈ ಕೊನೆಯ ಸಲಕ್ಕೆ ಯಾರೂ ಒಬ್ಬರೇ ಹೋಗಬಾರದು ಅಂತ ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಇಲ್ಲದಿದ್ದರೆ ತಪ್ಪಾಗುತ್ತದೆ. ಖಿನ್ನತೆ ಇರುವವರೆಲ್ಲ ಅಪಾಯದ ಜನ ಅಲ್ಲ. ಅವರಲ್ಲಿ ಬಹುಪಾಲು ಮಂದಿ ಯಾರಿಗೂ ತೊಂದರೆ ಕೊಡುವುದಿಲ್ಲ, ಒಳಗೇ ನೋಯುತ್ತಾರೆ. ಸಾಲ, ಕುಡಿತ, ಕೆಲಸ ಹೋಗುವುದು ಬೆಂಕಿಗೆ ತುಪ್ಪ ಹಾಕುತ್ತವೆ, ನಿಜ. ಆದರೆ ಸಾಲ ಮಾಡಿದ ಎಲ್ಲರೂ ಹೆಂಡತಿಯನ್ನು ಕೊಲ್ಲುವುದಿಲ್ಲ. 'ಇವಳು ನನ್ನ ಸ್ವತ್ತು' ಅನ್ನುವ ಭಾವನೆಗೆ ಸಾಯುವ ಯೋಚನೆ ಜೊತೆಯಾದಾಗ ಅಪಾಯ. ವಯಸ್ಸಾದ ದಂಪತಿಗಳಲ್ಲಿ ಕಾಯಿಲೆ, ಒಂಟಿತನದಿಂದ ಆಗುವ ಸಾವುಗಳು ಬೇರೆ ಜಾತಿಯವು. ಅದಕ್ಕೆ ಇನ್ನೊಂದು ಪತ್ರವೇ ಬೇಕು.

ಈಗ ನಿಮ್ಮ ಇಲಾಖೆಯ ವಿಷಯ.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದು. ಅದರ ನಿಯಮಗಳು 2006ರವು. ಆ ನಿಯಮಗಳ ಒಂದನೇ ಫಾರಂ ತೆಗೆದು ನೋಡಿ, ಕೌಟುಂಬಿಕ ಘಟನೆಯ ವರದಿ ಅದು, ನಾವು ಡಿಐಆರ್ ಅನ್ನುತ್ತೇವೆ. ಮಾತಿನ ಮತ್ತು ಮನಸ್ಸಿನ ಹಿಂಸೆ ಅನ್ನುವ ಭಾಗದಲ್ಲಿ ನಡತೆಯ ಮೇಲೆ ಅಪವಾದ ಅಂತ ಇದೆ. ಮನೆಯಿಂದ ಹೊರಗೆ ಬಿಡದಿರುವುದು ಇದೆ. ಕೆಲಸಕ್ಕೆ ಹೋಗದಂತೆ ತಡೆಯುವುದು ಇದೆ. ಅದೇ ನಿಯಮಗಳ ಇನ್ನೊಂದು ಫಾರಂನಲ್ಲಿ ಆತ್ಮಹತ್ಯೆ ಮಾಡಿಕೊಳ್ಳುತ್ತೇನೆ ಅಂತ ಬೆದರಿಸುವುದೂ ಇದೆ. ವಿದೇಶದ ಸಂಶೋಧಕರು ಹುಡುಕಿದ್ದರಲ್ಲಿ ಎಷ್ಟೋ ನಮ್ಮದೇ ಫಾರಂಗಳಲ್ಲಿ ಇಪ್ಪತ್ತು ವರ್ಷದಿಂದ ಕೂತಿವೆ. ನಾನೇ ನೂರಾರು ಸಲ ಅಲ್ಲಿ ಟಿಕ್ ಹಾಕಿದ್ದೇನೆ. ನಾಲ್ಕೂ ಟಿಕ್ ಒಟ್ಟಿಗೆ ಬಿದ್ದರೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಈ ಕಾಯ್ದೆಯನ್ನು ನೋಡಿಕೊಳ್ಳುವ ತಾಲೂಕಿನ ಸಂರಕ್ಷಣಾಧಿಕಾರಿ ಅಂದರೆ ಸಿಡಿಪಿಒ, ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಮೊಟ್ಟೆಯ ಲೆಕ್ಕವೂ ಅವರದೇ, ಈ ಫಾರಂ ಕೂಡ ಅವರದೇ.

ಸಾವು ಆದ ಮೇಲಿನ ಕಥೆ ಇನ್ನೂ ಬೇಸರದ್ದು. ಒಂದೇ ಮನೆ, ಎರಡು ಹೆಣ, ಎರಡು ಫೈಲ್. ಹೆಂಡತಿಯದು ಕೊಲೆ ಕೇಸ್, ಗಂಡನದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಆರೋಪಿ ಸತ್ತಿರುವುದರಿಂದ ವಿಚಾರಣೆ ಇಲ್ಲ. ಅಬೇಟೆಡ್, ಅಂದರೆ ಆರೋಪಿ ಸತ್ತು ಕೇಸು ಮುಗಿಯಿತು ಅಂತ ವರದಿ ಹಾಕಿ ಕಟ್ಟಿಡುತ್ತಾರೆ. ಅವಳು ಮೊದಲು ಎಷ್ಟು ಸಲ ಸ್ಟೇಷನ್‌ಗೆ ಬಂದಿದ್ದಳು, ಯಾರು ರಾಜಿ ಮಾಡಿಸಿದರು, ಯಾವ ಡಾಕ್ಟರಿಗೆ ಕತ್ತು ತೋರಿಸಿದ್ದಳು, ಯಾವುದೂ ಕೋರ್ಟಿನಲ್ಲಿ ಬರುವುದಿಲ್ಲ. ನನ್ನನ್ನೂ ಯಾರೂ ಕರೆಯಲಿಲ್ಲ. ಕರೆಯಲಿಲ್ಲವಲ್ಲ ಅಂತ ಆಗ ನೆಮ್ಮದಿಯಾಗಿತ್ತು. ಈಗ ಅದನ್ನು ನೆನೆದರೆ ನಾಚಿಕೆ.

ಮಕ್ಕಳೂ ಸತ್ತಿದ್ದರೆ 'ಕುಟುಂಬ ಸಮೇತ ಆತ್ಮಹತ್ಯೆ' ಅಂತ ತಲೆಬರಹ. ಮೂರು ವರ್ಷದ ಮಗು ಆತ್ಮಹತ್ಯೆ ಮಾಡಿಕೊಳ್ಳುತ್ತದಾ ಸಾರ್?

ಬಾಯಿಂದ ಬರುವ ಮಾತೂ ಮುಖ್ಯ. 2020ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಬ್ಬ, ತನ್ನನ್ನು ಬಿಟ್ಟು ಹೋಗಿದ್ದ ಹೆಂಡತಿಯನ್ನೂ ಮೂರು ಮಕ್ಕಳನ್ನೂ ಕೊಂದು ಸತ್ತ. ಗಂಡನನ್ನು ಪರಿಸ್ಥಿತಿ ಅಲ್ಲಿಯವರೆಗೆ ತಳ್ಳಿತೋ ಏನೋ, ಎಲ್ಲ ಸಾಧ್ಯತೆಯನ್ನೂ ನೋಡುತ್ತೇವೆ ಅನ್ನುವ ಅರ್ಥದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಪತ್ರಕರ್ತರ ಮುಂದೆ ಮಾತಾಡಿದರು. ಜನ ಸಿಡಿದೆದ್ದರು. ಆ ಅಧಿಕಾರಿಯನ್ನು ತನಿಖೆಯಿಂದ ತೆಗೆದರು. ಆ ರಾಜ್ಯ, ಕ್ವೀನ್ಸ್‌ಲ್ಯಾಂಡ್, 2025ರ ಮೇ ತಿಂಗಳಿಂದ ಸಂಗಾತಿಯನ್ನು ದಿನದಿನವೂ ಹಿಡಿತದಲ್ಲಿ ಇಟ್ಟು ಹಿಂಸಿಸುವುದನ್ನೇ ಅಪರಾಧ ಮಾಡಿದೆ. ನಮ್ಮಲ್ಲಿ 'ಶೀಲ ಶಂಕಿಸಿ' ಅನ್ನುವ ಪದ ಠಾಣೆಯ ಪ್ರೆಸ್ ನೋಟ್‌ನಲ್ಲೇ ಇರುತ್ತದೆ. ಸತ್ತವಳು ಬಂದು ಉತ್ತರ ಕೊಡುವ ಹಾಗಿಲ್ಲ. ದಯವಿಟ್ಟು ಆ ಎರಡು ಪದ ನಿಲ್ಲಿಸಲು ಒಂದು ಸುತ್ತೋಲೆ ಹೊರಡಿಸಿ. ಖರ್ಚಿಲ್ಲದ ಕೆಲಸ.

ಖರ್ಚಿನ ಕೆಲಸವೂ ಇದೆ. ಇಂಗ್ಲೆಂಡಿನಲ್ಲಿ 2011ರಿಂದ ಮನೆಯೊಳಗಿನ ಪ್ರತಿ ಕೊಲೆಯನ್ನೂ ಒಂದು ಸಮಿತಿ ಮತ್ತೆ ಪರಿಶೀಲಿಸಬೇಕು ಅಂತ ಕಾನೂನೇ ಹೇಳುತ್ತದೆ. ಕೊಂದವನೂ ಸತ್ತಿದ್ದಾನೆ ಅಂತ ಅದು ತಪ್ಪುವುದಿಲ್ಲ. ಪೊಲೀಸ್, ಆಸ್ಪತ್ರೆ, ಮಹಿಳಾ ಸಂಸ್ಥೆಯವರೆಲ್ಲ ಕೂತು ಎಲ್ಲಿ ತಪ್ಪಿತು ಅಂತ ನೋಡುತ್ತಾರೆ. ಯಾರನ್ನೋ ಸಸ್ಪೆಂಡ್ ಮಾಡಲು ಅಲ್ಲ, ಕಲಿಯಲು. ನಮ್ಮಲ್ಲಿ ಹೆರಿಗೆಯಲ್ಲಿ ತಾಯಿ ಸತ್ತರೆ ಜಿಲ್ಲಾಧಿಕಾರಿ ಮಟ್ಟದಲ್ಲಿ ಪರಿಶೀಲನೆ ಆಗುತ್ತದೆ. ಗಂಡನ ಕೈಯಲ್ಲಿ ಸತ್ತರೆ ಯಾಕೆ ಬೇಡ?

2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರು ಮಾಡಿದಿರಿ. ಒಳ್ಳೆಯದೇ. ಆದರೆ ಬಾಗಿಲಲ್ಲಿ ನಿಂತು, ಗಂಡನ ಎದುರೇ 'ಏನಮ್ಮ, ಮನೇಲಿ ಎಲ್ಲಾ ಚೆನ್ನಾಗಿದ್ದೀರಾ' ಅಂತ ಕೇಳಿದರೆ ಯಾವ ಹೆಂಗಸು ಬಾಯಿ ಬಿಡುತ್ತಾಳೆ? ಬೀಟ್ ಪೊಲೀಸರಿಗೆ ನಾಲ್ಕೈದು ಪ್ರಶ್ನೆ ಕಲಿಸಿ. ಅವಳು ಒಬ್ಬಳೇ ಇದ್ದಾಗ ಕೇಳಲು. ಕತ್ತು ಹಿಸುಕಿದ್ದಾನಾ, ಸಾಯ್ತೀನಿ ಅಂತಾನಾ, ಬಿಟ್ಟು ಹೋಗೋ ಯೋಚನೆ ಇದೆಯಾ, ಮಕ್ಕಳ ಹೆಸರು ಹೇಳಿ ಹೆದರಿಸ್ತಾನಾ. 'ಹೆದರಿಕೆ ಇದೆಯಾ' ಅಂತ ಕೇಳಿ ಸುಮ್ನೆ ಆಗಬಾರದು. ಕೊಲೆ ಯತ್ನದಿಂದ ಬದುಕಿ ಬಂದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರಿಗೆ ಅವನು ಅಲ್ಲಿಯವರೆಗೆ ಹೋಗುತ್ತಾನೆ ಅಂತ ಅನ್ನಿಸಿಯೇ ಇರಲಿಲ್ಲ ಅಂತ ಕ್ಯಾಂಪ್‌ಬೆಲ್ ತಂಡ ಕಂಡುಕೊಂಡಿತ್ತು. 'ಇಲ್ಲ ಅಕ್ಕಾ, ಅಷ್ಟು ಕೆಟ್ಟವರಲ್ಲ' ಅಂತ ನನಗೂ ಎಷ್ಟೋ ಮಂದಿ ಹೇಳಿದ್ದಾರೆ.

ಗಂಡಸಿನ ಬಗ್ಗೆಯೂ ಯೋಚಿಸಿ. ಸ್ಟೇಷನ್‌ನಲ್ಲಿ 'ಬದುಕಲ್ಲ' ಅಂತ ಅತ್ತವನನ್ನು ನಾವು ಮುಚ್ಚಳಿಕೆ ಬರೆಸಿ ಮನೆಗೆ, ಅವಳ ಜೊತೆಗೇ ಕಳಿಸಿದೆವು. ಅವತ್ತು ಅವನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿ, ಅವಳನ್ನು ಬೇರೆ ಕಡೆ ಇರಿಸಬೇಕಿತ್ತು. ಎರಡೂ ಆಗಬೇಕಿತ್ತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಈಗ ಇದೆ, ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲೇ ಇದೆ. ಹೆಂಗಸರಿಗೆ 181, ತುರ್ತಿಗೆ 112 ಇದೆ. ಇವು ಒಂದಕ್ಕೊಂದು ಮಾತಾಡುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಕಂಡವರು ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಅದು 20.6 ಇತ್ತು. ಇಷ್ಟು ಜನರಲ್ಲಿ ಯಾರು ಸಾವಿನ ಅಂಚಿನಲ್ಲಿದ್ದಾರೆ ಅಂತ ಗುರುತಿಸಲು ನಮ್ಮ ಹತ್ತಿರ ಈಗ ಇರುವುದು ಪೇದೆಯ ಅಂದಾಜು ಮಾತ್ರ.

ಸಮಿತಿ, ಕಾನೂನು ಎಲ್ಲ ಆಗುವಾಗ ಆಗಲಿ. ಅಷ್ಟರಲ್ಲಿ ಒಂದು ಕೆಲಸ ಮಾಡಿಸಿ. ಪ್ರತಿ ಜಿಲ್ಲೆಯ ಎಸ್‌ಪಿಗೆ ಹೇಳಿ, ಹೆಂಡತಿಯನ್ನು ಕೊಂದು ಗಂಡ ಸತ್ತ ಹಳೆಯ ಕೇಸುಗಳಲ್ಲಿ ಒಂದೊಂದನ್ನು ಹೊರಗೆ ತೆಗೆಸಿ. ಅವಳ ಹೆಸರಿನಲ್ಲಿ ಮುಂಚೆ ಬಂದ ಎನ್‌ಸಿ (ಎಫ್‌ಐಆರ್ ಆಗದ ಸಣ್ಣ ದೂರು), ಮುಚ್ಚಳಿಕೆ, ಡಿಐಆರ್, 112ಕ್ಕೆ ಮಾಡಿದ ಕರೆ, ಎಲ್ಲವನ್ನೂ ಅದರ ಪಕ್ಕದಲ್ಲಿ ಇಟ್ಟು ನೀವೇ ಓದಿ. ನಮ್ಮ ಜಿಲ್ಲೆಯ ಕಟ್ಟಿನಲ್ಲಿ ನನ್ನ ಅಕ್ಷರದ ಆ ಮುಚ್ಚಳಿಕೆಯೂ ಸಿಗಬಹುದು. ಆಗ ನನ್ನನ್ನು ಕರೆಸಿ. ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಆಪ್ತಸಮಾಲೋಚಕಿ