ನಿಕಲ್ ಸಿಲ್ವರ್ ಹೆಸರಿನಲ್ಲಿ ಉಕ್ಕಿನ ಹಳಿ, ಅಳತೆ ತಪ್ಪಿದ ಪಾಯಿಂಟು: ಹಣ ವಾಪಸಾತಿ ಕುರಿತು

ಸರಸ್ವತಿಪುರಂ, ಮೈಸೂರು
21 ಜುಲೈ 2025

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಮಾದರಿ ರೈಲು ಸಾಮಗ್ರಿ ಮಾರಾಟ ವಿಭಾಗ

ಮಾನ್ಯರೇ,

ಜೂನ್ 14ರಂದು ನಿಮ್ಮ ವೆಬ್‌ಸೈಟಿನಲ್ಲಿ ಹಣ ಕಟ್ಟಿ, ನಿಮ್ಮ ಮೈಸೂರು ಮಳಿಗೆಯಿಂದ ಪಡೆದುಕೊಂಡ ಸಾಮಾನು ಎರಡೇ ಬಗೆಯದು. ಎಚ್‌ಒ ಅಳತೆಯ (ನಿಜ ರೈಲಿನ 87ರಲ್ಲಿ ಒಂದು ಪಾಲು) ಕೋಡ್ 100 ಫ್ಲೆಕ್ಸ್ ಟ್ರ್ಯಾಕ್, ಅಂದರೆ ಬೇಕಾದಂತೆ ಬಾಗಿಸುವ ಹಳಿ, 914 ಮಿ.ಮೀ. ಉದ್ದದ್ದು, 30 ತುಂಡು, ತಲಾ ₹790. ದಾರಿ ಕವಲೊಡೆಯುವ ಕಡೆ ಹಾಕುವ ಲೈವ್ ಫ್ರಾಗ್ ಪಾಯಿಂಟು ಆರು, ತಲಾ ₹2,650. ಫ್ರಾಗ್ ಅಂದರೆ ಎರಡು ಹಳಿ ಒಂದನ್ನೊಂದು ದಾಟುವ ಕಡೆಯ ಮೂಗಿನಂಥ ತುಣುಕು, ಲೈವ್ ಅಂದರೆ ಅದರಲ್ಲೂ ಕರೆಂಟು ಹರಿಯುವಂಥದ್ದು. ಒಟ್ಟು ₹39,600. ಮೂರು ಸಲ ಫೋನ್ ಮಾಡಿದೆ, ಒಂದು ಇ-ಮೇಲ್ ಬರೆದೆ, ಒಮ್ಮೆ ಸಾಮಾನು ಹಿಡಿದು ಖುದ್ದಾಗಿ ಬಂದೆ. ಇನ್ನು ಫೋನ್ ಮಾಡುವುದಿಲ್ಲ. ಏನಿದ್ದರೂ ಬರಹದಲ್ಲೇ ಇರಲಿ ಅಂತ ಈ ಪತ್ರ.

ಮೊದಲು ಹಳಿಯ ವಿಷಯ. ನಿಮ್ಮ ಪುಟದಲ್ಲೂ ಪೆಟ್ಟಿಗೆಯ ಮೇಲೂ 'ನಿಕಲ್ ಸಿಲ್ವರ್ ಹಳಿ' ಎಂದು ಅಚ್ಚಾಗಿದೆ. ನಿಕಲ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತು ಬೆರೆಸಿದ ಲೋಹ. ಹೆಸರಲ್ಲಿ ಸಿಲ್ವರ್ ಇದ್ದರೂ ಗುಲಗಂಜಿಯಷ್ಟು ಬೆಳ್ಳಿ ಇರುವುದಿಲ್ಲ, ಅದರ ಬಗ್ಗೆ ನನ್ನ ತಕರಾರೂ ಇಲ್ಲ. ಆದರೆ ಅದು ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ನೀವು ಕೊಟ್ಟ 30 ತುಂಡಿನಲ್ಲಿ 30ಕ್ಕೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಾಧಾರಣ ಅಯಸ್ಕಾಂತ ಟಪ್ ಎಂದು ಕಚ್ಚಿಕೊಳ್ಳುತ್ತದೆ. ಅರದಿಂದ ಎರಡು ಸಲ ಉಜ್ಜಿದರೆ ಹೊಳಪಿನ ಪದರ ಎದ್ದು ಬೂದುಬಣ್ಣದ ಉಕ್ಕು ಕಾಣುತ್ತದೆ. ಅಂದರೆ ಇದು ನಿಕಲ್ ಲೇಪಿಸಿದ ಉಕ್ಕು. ಪಾಯಿಂಟುಗಳ ಹಳಿಯೂ ಅದೇ.

ಉಕ್ಕಾದರೆ ಏನಾಯಿತು ಅಂತ ನಿಮ್ಮ ಸಿಬ್ಬಂದಿ ಕೇಳಿದರು. ಏನಾಯಿತು ಅಂತ ಹೇಳುತ್ತೇನೆ. ಹಳಿಯನ್ನು ಯಾರೂ ಇಟ್ಟ ಹಾಗೇ ಇಡುವುದಿಲ್ಲ. ಬೇಕಾದ ಉದ್ದಕ್ಕೆ ಕತ್ತರಿಸುತ್ತಾರೆ, ಅರ ಹಾಕುತ್ತಾರೆ, ಪ್ರತಿ ತುಂಡಿಗೂ ಕೆಳಗಿನಿಂದ ಕರೆಂಟು ಕೊಡುವ ಫೀಡರ್ ವೈರು ಬೆಸುಗೆ ಹಾಕುತ್ತಾರೆ. ಕತ್ತರಿಸಿದ ಪ್ರತಿಯೊಂದು ತುದಿಯಲ್ಲೂ, ಅರ ತಾಗಿದ ಪ್ರತಿಯೊಂದು ಜಾಗದಲ್ಲೂ ಲೇಪ ಹೋಗಿ ಉಕ್ಕು ಬಯಲಾಗುತ್ತದೆ. ಅದಾದ ಮೇಲೆ ಜಲ್ಲಿ ಹಾಕುವ ಕೆಲಸ. ಹಳಿಯ ನಡುವೆ ಸಣ್ಣ ಜಲ್ಲಿ ಸುರಿದು, ಬ್ರಷ್ಷಿನಲ್ಲಿ ಸ್ಲೀಪರುಗಳ ಮಧ್ಯೆ ಕೂರಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿದ ನೀರು ಸಿಂಪಡಿಸಿ, ಆಮೇಲೆ ಅರ್ಧಕ್ಕರ್ಧ ನೀರು ಬೆರೆಸಿದ ಬಿಳಿ ಅಂಟನ್ನು ಡ್ರಾಪರಿನಲ್ಲಿ ಬಿಡಬೇಕು. ಬೇಸಿಗೆಯಲ್ಲಿ ಇದು ಒಂದು ರಾತ್ರಿಗೆ ಒಣಗುತ್ತದೆ. ಜೂನ್ ಕೊನೆಯ ಮೋಡದಲ್ಲಿ ಎರಡು ದಿನ ಬೇಕು. ಆ ಎರಡು ದಿನವೂ ಹಳಿಯ ಬುಡ ಒದ್ದೆಯಲ್ಲೇ ಇರುತ್ತದೆ.

ನಿಕಲ್ ಸಿಲ್ವರಿಗೆ ಇದರಿಂದ ಏನೂ ಆಗುವುದಿಲ್ಲ. ಮೇಲ್ಮೈ ತುಸು ಮಾಸಿದರೂ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ನಿಮ್ಮ ಹಳಿಗೆ ಏನಾಯಿತೆಂದರೆ, ಮೂರನೆಯ ದಿನ ಬೆಳಿಗ್ಗೆ ಒಳಬದಿಯ ಬುಡದುದ್ದಕ್ಕೂ ಕಂದು ಗೆರೆ ಎದ್ದಿತ್ತು. ಜೋಡಿಸಿದ ಕಡೆಯಲ್ಲೆಲ್ಲ ತುಕ್ಕಿನ ನೀರು ಜಲ್ಲಿಗೆ ಇಳಿದು, ಬಿಳಿ ಬಟ್ಟೆಯ ಮೇಲೆ ಎಲೆ ಅಡಿಕೆ ಉಗಿದ ಹಾಗೆ ಕಲೆ ಹರಡಿತ್ತು. ಒರಟು ರಬ್ಬರಿನಲ್ಲಿ ಉಜ್ಜಿದರೆ ತುಕ್ಕಿನ ಜೊತೆ ಉಳಿದ ಲೇಪವೂ ಏಳುತ್ತದೆ, ಮರುವಾರಕ್ಕೆ ತುಕ್ಕು ಇಮ್ಮಡಿ. ತುಕ್ಕು ಹಿಡಿದ ಹಳಿಯಿಂದ ಚಕ್ರಕ್ಕೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಎಂಜಿನ್ ನಿಧಾನಗತಿಯಲ್ಲಿ ಮುಗ್ಗರಿಸುತ್ತದೆ, ಹಳಿಯ ಮೂಲಕ ಎಂಜಿನ್ನಿಗೆ ಆಜ್ಞೆ ಕಳಿಸುವ ಡಿಸಿಸಿ ಸಿಗ್ನಲ್ ತುಂಡಾದರೆ ನಿಂತೇ ಬಿಡುತ್ತದೆ. ಇಷ್ಟೊತ್ತಿಗೆ 30ರಲ್ಲಿ 11 ತುಂಡು ಅಂಟಿನಲ್ಲಿ ಕೂತಾಗಿತ್ತು. ಅದನ್ನು ಕಿತ್ತರೆ ಜಲ್ಲಿಯೂ ಹೋಯಿತು, ಕೆಳಗಿನ 3 ಮಿ.ಮೀ. ಕಾರ್ಕ್ ಪದರವೂ ಹೋಯಿತು.

ನೆಲಗಟ್ಟಿನ ದೋಷ ಅಂತ ಹೇಳಿ ಜಾರಿಕೊಳ್ಳಬೇಡಿ, ಮೊದಲ ಫೋನಿನಲ್ಲಿ ಅದನ್ನೂ ಹೇಳಿದ್ದೀರಿ. ಹಲಗೆ 12 ಮಿ.ಮೀ. ದಪ್ಪದ, ನೀರು ತಡೆಯುವ ಬಿಡಬ್ಲ್ಯುಪಿ ಪ್ಲೈವುಡ್, ಎರಡೂ ಮುಖಕ್ಕೆ ಸೀಲರ್ ಎರಡೆರಡು ಕೋಟ್, ಅಡಿಯಲ್ಲಿ 400 ಮಿ.ಮೀ.ಗೊಂದು ಅಡ್ಡಪಟ್ಟಿ. ಅದೇ ಹಲಗೆಯ ಇನ್ನೊಂದು ತುದಿಯಲ್ಲಿ ಬೇರೆ ಕಡೆ ಕೊಂಡ ನಿಕಲ್ ಸಿಲ್ವರ್ ಹಳಿ ನಾಲ್ಕು ತುಂಡು ಇದೆ. ಅದೇ ಅಂಟು, ಅದೇ ಜಲ್ಲಿ, ಅದೇ ದಿನದ ಕೆಲಸ. ಅಲ್ಲಿ ತುಕ್ಕಿನ ಚುಕ್ಕೆಯೂ ಇಲ್ಲ. ಫೋಟೋ ಲಗತ್ತಿಸಿದೆ.

ಇನ್ನು ಪಾಯಿಂಟು. ಇದು ನನಗೆ ಹಳಿಗಿಂತ ಹೆಚ್ಚು ಸಂಕಟ ಕೊಟ್ಟ ವಿಷಯ, ಏಕೆಂದರೆ ತುಕ್ಕು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಎಚ್‌ಒ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, 16.5 ಮಿ.ಮೀ. ಫ್ರಾಗಿನ ಎದುರು ಹಳಿಯ ಪಕ್ಕ ಇರುವ ಚೆಕ್ ರೈಲಿಗೂ ಹಳಿಗೂ ನಡುವಿನ ಸಂದು ಸುಮಾರು 1.27 ಮಿ.ಮೀ. ಮೀರಬಾರದು. ಚೆಕ್ ರೈಲಿನ ಕೆಲಸ ಒಂದೇ: ಆ ಬದಿಯ ಚಕ್ರವನ್ನು ಬೆನ್ನಿನಿಂದ ಹಿಡಿದು ಎರಡೂ ಚಕ್ರ ಜೋಡಿಸಿದ ಇಡೀ ಅಚ್ಚನ್ನು ತನ್ನ ಕಡೆಗೆ ಎಳೆದುಕೊಳ್ಳುವುದು. ಆಗ ಈ ಬದಿಯ ಚಕ್ರದ ಅಂಚು ಫ್ರಾಗಿನ ಮೂಗಿಗೆ ತಾಗದೆ ಪಕ್ಕದಲ್ಲಿ ಹಾದುಹೋಗುತ್ತದೆ. ನಿಮ್ಮ ಆರರಲ್ಲಿ ನಾಲ್ಕು ಪಾಯಿಂಟಿನಲ್ಲಿ ಈ ಸಂದು 1.8 ಮಿ.ಮೀ. ಅರ್ಧ ಮಿಲಿಮೀಟರ್ ಸಡಿಲ. ಅಷ್ಟರಲ್ಲಿ ಅಚ್ಚು ಪಕ್ಕಕ್ಕೆ ಸರಿದು ಚಕ್ರ ನೇರವಾಗಿ ಮೂಗಿಗೆ ಬಡಿಯುತ್ತದೆ. ಒಂದೋ ಹಾರುತ್ತದೆ, ಇಲ್ಲವೇ ತಪ್ಪು ದಾರಿಗೆ ನುಗ್ಗುತ್ತದೆ. ದಾರಿ ಬದಲಿಸಲು ಅತ್ತಿತ್ತ ಸರಿಯುವ ಟಂಗ್ ರೈಲಿನ ಕಡೆಯಿಂದ ಬರುವ ಗಾಡಿ ಹತ್ತರಲ್ಲಿ ಮೂರು ಸಲ ಹಳಿ ತಪ್ಪುತ್ತದೆ, ಫ್ರಾಗಿನ ಕಡೆಯಿಂದ ಬಂದರೆ ಒಮ್ಮೆಯೂ ಇಲ್ಲ. ದೋಷ ಚೆಕ್ ರೈಲಿನ ಸಂದಿನಲ್ಲಿದೆ ಎನ್ನಲು ಪಾಯಿಂಟು ಬಲ್ಲವರಿಗೆ ಈ ಒಂದು ಲಕ್ಷಣವೇ ಸಾಕು.

ಖಾತ್ರಿಗೆಂದು ಒಂದು ಪಾಯಿಂಟಿನ ಚೆಕ್ ರೈಲಿಗೆ 0.5 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ನೋಡಿದೆ. ಸಂದು 1.3ಕ್ಕೆ ಇಳಿಯಿತು, ನಲವತ್ತು ಸಲ ಓಡಿಸಿದರೂ ಗಾಡಿ ಇಳಿಯಲಿಲ್ಲ. ದೋಷ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಹಾಗಾದರೆ ಎಲ್ಲಕ್ಕೂ ಪಟ್ಟಿ ಅಂಟಿಸಿಕೊಳ್ಳಿ ಅನ್ನಬಹುದು. ₹2,650ರ ಹೊಸ ಪಾಯಿಂಟಿಗೆ ತೇಪೆ ಹಾಕುವುದು ಕೊಂಡವನ ಕೆಲಸವಲ್ಲ. ಉಳಿದ ಎರಡು ಪಾಯಿಂಟುಗಳ ಅಳತೆ ಸರಿಯಾಗಿದೆ, ಅವುಗಳ ಬ್ಯಾಚ್ ಚೀಟಿ ಬೇರೆ. ಆದ್ದರಿಂದ ಇದು ಆ ಮಾದರಿಯ ಸ್ವಭಾವವಲ್ಲ, ಒಂದು ಬ್ಯಾಚಿನ ತಪ್ಪು. ಲೈವ್ ಫ್ರಾಗಿಗೆ ತಲಾ ಎರಡರಂತೆ ಬೇಕಾದ, ಹಳಿ ಜೋಡಿಸಿಯೂ ಕರೆಂಟು ತಡೆಯುವ 12 ಪ್ಲಾಸ್ಟಿಕ್ ಜಾಯಿನರು ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಅವಿಲ್ಲದೆ ಜೋಡಿಸಿದರೆ ನೇರ ಶಾರ್ಟು. ಅದು ಸಣ್ಣದು, ದಾಖಲೆಗಾಗಿ ಬರೆದಿದ್ದೇನೆ.

ಜುಲೈ 12, ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ ನಿಮ್ಮ ಮಳಿಗೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಒಂದು ಪಾಯಿಂಟು, ಒಂದು ತುಂಡು ಹಳಿ, ಅಯಸ್ಕಾಂತ, ವರ್ನಿಯರ್ ಕ್ಯಾಲಿಪರ್, ಒಂದು ವ್ಯಾಗನ್, ಬಿಲ್ಲು, ಇಷ್ಟನ್ನು ಕೌಂಟರಿನ ಮೇಲಿಟ್ಟೆ. ವ್ಯವಸ್ಥಾಪಕರು ಮೊದಲು ಕೇಳಿದ್ದು, "ಏನ್ ಸಾರ್, ಮೊಮ್ಮಗಂದಾ ಟ್ರೇನು?" ನನ್ನದೇ ಅಂದೆ. ಪಕ್ಕದಲ್ಲಿದ್ದ ಹುಡುಗನ ಕಡೆ ನೋಡಿ ನಕ್ಕರು. ಅಯಸ್ಕಾಂತ ಅಂಟಿಸಿ ತೋರಿಸಿದೆ. "ಹಳಿ ಕಬ್ಬಿಣದ್ದೇ ತಾನೇ ಸಾರ್ ಇರೋದು? ಸ್ಟೇಶನ್‌ಗೆ ಹೋಗಿ ನೋಡಿ, ಅಲ್ಲೂ ಕಬ್ಬಿಣವೇ" ಅಂದರು. ಪೆಟ್ಟಿಗೆಯ ಮೇಲಿನ ಅಕ್ಷರ ತೋರಿಸಿದೆ. "ಅದು ಕಂಪನಿಯೋರು ಹಾಕಿರ್ತಾರೆ" ಅಂದರು. ಪಾಯಿಂಟಿನ ಸಂದಿಗೆ ಕ್ಯಾಲಿಪರ್ ಇಟ್ಟು 1.8 ತೋರಿಸಿದೆ. ಅವರು ಡ್ರಾಯರಿನಿಂದ ಮಕ್ಕಳ ಜಾಮೆಟ್ರಿ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲ್ ತೆಗೆದು ಪಾಯಿಂಟಿನ ಮೇಲೆ ಮಲಗಿಸಿ, "ನೋಡಿ, ಸರಿಯಾಗೇ ಇದೆಯಲ್ಲ" ಅಂದರು. ಒಂದು ಮಿಲಿಮೀಟರಿಗೊಂದು ಗೆರೆ ಇರುವ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರಿನ ತಪ್ಪು ಹುಡುಕುವ ವಿದ್ಯೆ ನಿಮ್ಮ ಗುಣಮಟ್ಟ ವಿಭಾಗದ್ದೂ ಇದೇ ಏನು?

ಗಾಡಿ ಹಗುರ ಇದ್ದರೆ ಹಾರುತ್ತದೆ, ತೂಕ ಹಾಕಿ ಅಂತ ಮುಂದಿನ ಸಲಹೆ. ಎಚ್‌ಒ ಗಾಡಿಗೆ ಒಂದು ಔನ್ಸು, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸು ಎಂಬ ಲೆಕ್ಕವಿದೆ. ಆರು ಇಂಚಿನ ವ್ಯಾಗನ್ನಿಗೆ ನಾಲ್ಕು ಔನ್ಸು, ಅಂದರೆ 113 ಗ್ರಾಂ. ನಾನು ತಂದಿದ್ದ ವ್ಯಾಗನ್ 115 ಗ್ರಾಂ. ಹೇಳಿದೆ. ಅಷ್ಟರಲ್ಲಿ ಹಿಂದೆ ನಾಲ್ಕೈದು ಜನ ಗಿರಾಕಿಗಳು ಸೇರಿದ್ದರು. ವ್ಯವಸ್ಥಾಪಕರು ಅವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಸ್ವಲ್ಪ ದಾರಿ ಬಿಡ್ರಪ್ಪ, ಅಂಕಲ್ ಟ್ರೇನ್ ಲೇಟಾಗ್ತಿದೆ" ಅಂದರು. ಎಲ್ಲರೂ ನಕ್ಕರು. ನನ್ನ ಕ್ಯಾಲಿಪರನ್ನು ಬಿಲ್ಲಿನ ಮೇಲಿಟ್ಟು ಎರಡನ್ನೂ ಒಟ್ಟಿಗೆ ನನ್ನ ಕಡೆ ತಳ್ಳಿ, "ಬಳಸಿದ ಮಾಲು ವಾಪಸ್ ಇಲ್ಲ" ಅಂದರು.

1979ರಿಂದ ರೈಲ್ವೆ ಮ್ಯೂಸಿಯಂ ಇರುವ ಊರು ಇದು. ಕೃಷ್ಣರಾಜಸಾಗರ ರಸ್ತೆಯ ಆ ಅಂಗಳದಲ್ಲಿ ನಿಂತ ಹಳೇ ಎಂಜಿನ್ನುಗಳನ್ನು ನೋಡಿ, ಶ್ರೀರಂಗಪಟ್ಟಣದ ಸೇತುವೆಯನ್ನೂ ಪಾಂಡವಪುರದ ಪ್ಲಾಟ್‌ಫಾರಮ್ಮನ್ನೂ 87ರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುವವರ ಕೆಲಸ ಮಕ್ಕಳಾಟವಲ್ಲ. ಮಕ್ಕಳಾಟವೇ ಆಗಿದ್ದರೂ ಮಕ್ಕಳಿಗೆ ಸುಳ್ಳು ಚೀಟಿ ಅಂಟಿಸಿದ ಮಾಲು ಕೊಡಬಹುದೆ?

ಜುಲೈ 8ರ ನನ್ನ ಇ-ಮೇಲಿಗೆ ಎಂಟು ದಿನದ ಮೇಲೆ ನಿಮ್ಮ ತಾಂತ್ರಿಕ ವಿಭಾಗದ ಉತ್ತರ ಬಂತು: 'ಭಾರತೀಯ ಬ್ರಾಡ್‌ಗೇಜ್ ಹೆಚ್ಚು ಅಗಲ ಇರುವುದರಿಂದ ಅಲ್ಪ ವ್ಯತ್ಯಾಸ ಸಹಜ.' ಬ್ರಾಡ್‌ಗೇಜ್ 1676 ಮಿ.ಮೀ. 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ನೀವು ಮಾರಿದ್ದು 16.5ರ ಹಳಿ, ಅದು 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ. ನಿಮ್ಮ ಪಾಯಿಂಟಿನ ಗೇಜು ಸರಿಯಾಗೇ ಇದೆ, ನಾನು ಅದರ ಬಗ್ಗೆ ದೂರಿಲ್ಲ. ನನ್ನ ದೂರು ಚೆಕ್ ರೈಲಿನ ಸಂದಿನದು. ಇ-ಮೇಲನ್ನು ಓದದೆ ಉತ್ತರಿಸಿದ್ದಾರೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ನಿಮ್ಮ ಬಿಲ್ಲಿನ ಹಿಂಬದಿಯ ನಾಲ್ಕನೇ ಷರತ್ತು ನಿಮಗೆ ಬಾಯಿಪಾಠ ಇರಬೇಕು: ವಿವರಣೆಗೆ ಹೊಂದದ ಮಾಲಿಗೆ 30 ದಿನದೊಳಗೆ ಪೂರ್ತಿ ಹಣ. ನಾನು ಮಾಲು ತಂದದ್ದು 28ನೆಯ ದಿನ. 'ಬಳಸಿದ ಮಾಲು' ಎಂಬ ಮಾತು ಆ ಷರತ್ತಿನಲ್ಲಿ ಎಲ್ಲೂ ಇಲ್ಲ. ಕತ್ತರಿಸದೆ, ಓಡಿಸದೆ ಹಳಿಯ ದೋಷ ತಿಳಿಯುವುದಾದರೂ ಹೇಗೆ? ದೋಷವುಳ್ಳ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಮೊದಲನೆಯದನ್ನು ಈಗಾಗಲೇ ಮುರಿದಿದ್ದೀರಿ.

ಬದಲಿ ಮಾಲು ನನಗೆ ಬೇಡ. ₹39,600 ಪೂರ್ತಿಯಾಗಿ, ಹಾಳಾದ ಕಾರ್ಕ್ ಮತ್ತು ಜಲ್ಲಿಗೆ ₹2,400, ಮಳಿಗೆಯಲ್ಲಿ ನಡೆದುದಕ್ಕೆ ಬರಹದಲ್ಲಿ ಕ್ಷಮೆ, ಈ ಮೂರೂ ಆಗಸ್ಟ್ 5ರ ಸಂಜೆ ಐದರೊಳಗೆ ಸಿಗಬೇಕು. ಹಳಿ, ಪಾಯಿಂಟು ಎಲ್ಲವನ್ನೂ ನೀವೇ ಬಂದು ಒಯ್ಯಿರಿ, ಸಾಗಣೆ ನಿಮ್ಮದು.

ತಪ್ಪಿದರೆ ಮರುದಿನ ಬೆಳಿಗ್ಗೆಯೇ ಮೈಸೂರು ಜಿಲ್ಲಾ ಗ್ರಾಹಕ ಆಯೋಗದಲ್ಲಿ ನನ್ನ ಅರ್ಜಿ ಇರುತ್ತದೆ. ಗ್ರಾಹಕ ಇರುವ ಊರಿನಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಓಡಾಡಬೇಕು, ನನಗೆ ಮನೆಯಿಂದ ಹತ್ತು ನಿಮಿಷದ ದಾರಿ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಾಗುತ್ತದೆ. ಇದೇ ಬ್ಯಾಚಿನ ಹಳಿ ಕೊಂಡ ಮಂಡ್ಯದ ಇಬ್ಬರು, ಮೈಸೂರಿನ ಒಬ್ಬರು ಅಯಸ್ಕಾಂತ ಇಟ್ಟು ನೋಡಿಯಾಗಿದೆ. ಅವರ ಬಿಲ್ಲುಗಳೂ ನನ್ನ ಕೈಯಲ್ಲಿವೆ, ಅರ್ಜಿ ನಾಲ್ಕು ಬರುತ್ತದೆ. ತುಕ್ಕು ಹಿಡಿದ 11 ತುಂಡನ್ನೂ ನಾಲ್ಕು ಪಾಯಿಂಟನ್ನೂ ತೊಳೆಯದೆ, ಒರೆಸದೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಆಯೋಗದ ಮೇಜಿನ ಮೇಲೆ ಅದೇ ಕ್ಯಾಲಿಪರಿನಲ್ಲಿ ಅಳೆದು ತೋರಿಸುತ್ತೇನೆ. ಅಂದು ನಿಮ್ಮ ವ್ಯವಸ್ಥಾಪಕರು ತಮ್ಮ ಸ್ಕೇಲನ್ನು ಮರೆಯದೆ ತರಲಿ.

ಇಂತಿ,
ಜೂನ್ 14ರ ಬಿಲ್ಲಿನ ಗ್ರಾಹಕ

ಲಗತ್ತು: ಬಿಲ್ಲಿನ ಎರಡೂ ಬದಿಯ ಪ್ರತಿ, ಪೆಟ್ಟಿಗೆಯ ಚೀಟಿ, ತುಕ್ಕಿನ ಮತ್ತು ಅಳತೆಯ ಫೋಟೋ 14, ಜುಲೈ 16ರ ನಿಮ್ಮ ಇ-ಮೇಲಿನ ಪ್ರತಿ.