ರಘುವಿನ ರಕ್ತವೂ ಬೇಕು ಕಣೇ

ಪ್ರೀತಿಯ ವಿದ್ಯಾ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟನ ಕಾಯಿಲೆಗೆ ಕಾರಣ ಹುಡುಕುವ ಜೀನೋಮ್ ಪರೀಕ್ಷೆಗೆ ಡಾಕ್ಟರ್ ನಿಮ್ಮಿಬ್ಬರ ರಕ್ತವನ್ನೂ ಕೇಳಿದರೆ, "ತಪ್ಪು ಯಾರದು ಅಂತ ಹುಡುಕೋದಕ್ಕಾ?" ಅಂದನಂತೆ ರಘು. ಅತ್ತೆಮಗನನ್ನೇ ಮದುವೆಯಾದವಳು ನೀನು. ಯಾರ ಕಡೆ ಅಂತ ಹುಡುಕಿದರೂ ಸಿಗುವುದು ಒಂದೇ ಮನೆ, ಅಲ್ವಾ?

ರಕ್ತ ಕೇಳುವುದು ಬೇರೆ ಕಾರಣಕ್ಕೆ. ಜೀನೋಮ್ ಅಂದರೆ ಅಪ್ಪ ಅಮ್ಮನಿಂದ ಬರುವ ಜೀನ್‌ಗಳೆಲ್ಲ ಇರುವ ಇಡೀ ಬರಹ. ನಮ್ಮ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಯಾರದ್ದನ್ನೇ ಓದಿದರೂ ಲಕ್ಷಗಟ್ಟಲೆ ವ್ಯತ್ಯಾಸ ಸಿಗುತ್ತವೆ. ಬಹುಪಾಲು ಏನೂ ತೊಂದರೆ ಕೊಡದವು. ನಿಮ್ಮಿಬ್ಬರದ್ದನ್ನೂ ಪಕ್ಕದಲ್ಲಿಟ್ಟು ಜರಡಿ ಹಿಡಿದರೆ, ನೋಡಬೇಕಾದವು ಕೆಲವೇ ಉಳಿಯುತ್ತವೆ. ಪ್ರತಿ ಮಗುವಿನಲ್ಲೂ ಅಪ್ಪ ಅಮ್ಮನಲ್ಲಿಲ್ಲದ ಅರವತ್ತು ಎಪ್ಪತ್ತು ಹೊಸ ಬದಲಾವಣೆಗಳು ಇರುತ್ತವಂತೆ. ಕಾರಣ ಅವುಗಳಲ್ಲೇ ಇದ್ದರೆ ಯಾವ ಮನೆತನವನ್ನು ದೂರುವುದು?

ಕ್ಯಾಲಿಫೋರ್ನಿಯಾದ ಅವಳಿ ಮಕ್ಕಳ ಕಥೆ ರಘುವಿಗೆ ಹೇಳು. ಎರಡು ವರ್ಷದವರಿದ್ದಾಗ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದ ಸ್ಥಿತಿ ಅಂದಿದ್ದರು. ಆಮೇಲೆ ಅದಲ್ಲ, ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಕೊರತೆ ಅಂತ ತಿಳಿದು ಮಾತ್ರೆ ಕೊಟ್ಟಾಗ ಇಬ್ಬರೂ ಸುಧಾರಿಸಿದರು. ಕೆಲವು ವರ್ಷ ಕಳೆದ ಮೇಲೆ ಹುಡುಗಿಗೆ ಉಸಿರಾಟದ ತೊಂದರೆ ಶುರುವಾಯಿತು. ಹೂಸ್ಟನ್‌ನಲ್ಲಿ ಇಬ್ಬರ ಜೀನೋಮ್ ಓದಿದರು. ಎಸ್‌ಪಿಆರ್ ಅನ್ನುವ ಜೀನ್‌ನಲ್ಲಿ ತಾಯಿಯಿಂದ ಒಂದು ದೋಷ, ತಂದೆಯಿಂದ ಇನ್ನೊಂದು. ಆ ಜೀನ್ ಕೆಟ್ಟರೆ ಸೆರೊಟೋನಿನ್ ಅನ್ನುವ ಇನ್ನೊಂದು ರಾಸಾಯನಿಕ ಕೂಡ ಕಡಿಮೆಯಾಗುತ್ತದೆ. ಅದಕ್ಕೊಂದು ಔಷಧಿ ಸೇರಿಸಿದರು. ಹುಡುಗಿ ಮತ್ತೆ ಆಟದ ಮೈದಾನಕ್ಕೆ ಹೋದಳು. ಅದರ ವರದಿ ಬಂದದ್ದು 2011ರಲ್ಲಿ. ಅಪ್ಪ ಅಮ್ಮ ಇಬ್ಬರಿಗೂ ಆ ಕಾಯಿಲೆ ಇರಲಿಲ್ಲ!

ಎಲ್ಲರಿಗೂ ಹೀಗೆ ಔಷಧಿ ಸಿಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಮಂದಿಗೆ ಉತ್ತರವೇ ಸಿಗದಿರಬಹುದು. ಇನ್ನು ಕೆಲವರ ರಿಪೋರ್ಟಿನಲ್ಲಿ ಅರ್ಥ ಖಚಿತವಾಗದ ಬದಲಾವಣೆ ಅಂತ ಬರುತ್ತದೆ. ಅದನ್ನು ಹಿಡಿದುಕೊಂಡು ರಾತ್ರಿಯೆಲ್ಲ ಗೂಗಲ್ ಮಾಡಬೇಡ, ನಿನ್ನ ಚಾಳಿ ನನಗೆ ಗೊತ್ತು. ವರ್ಷ ಎರಡು ವರ್ಷ ಬಿಟ್ಟು ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿ ಅಂತ ಕೇಳು. ಹೊಸ ಜೀನ್‌ಗಳ ವಿಷಯ ತಿಳಿಯುತ್ತಲೇ ಇರುತ್ತದೆ, ಹಳೆಯ ಮಾಹಿತಿಯಲ್ಲೇ ಉತ್ತರ ಸಿಕ್ಕವರಿದ್ದಾರೆ.

ಸಂಬಂಧದಲ್ಲಿ ಮದುವೆ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡಬೇಡ. ಒಂದೇ ದೋಷ ಎರಡೂ ಕಡೆಯಿಂದ ಬರುವ ಸಾಧ್ಯತೆ ಅಂಥಲ್ಲಿ ಜಾಸ್ತಿ, ಅವರು ಎಲ್ಲಿ ನೋಡಬೇಕು ಅನ್ನುವುದಕ್ಕೆ ಅನುಕೂಲ. ಹಾಗೇ ಆಗಿದ್ದರೆ ಇನ್ನೊಂದು ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡನೆಯದರ ಯೋಚನೆ ಇದ್ದರೆ ಮೊದಲೇ ಇಂಥ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿ.

ದುಡ್ಡಿನ ಚಿಂತೆ ಬೇಡ, ಅಪ್ಪ ಕಳಿಸುತ್ತಾರೆ. ಅತ್ತಿಗೆ ಹತ್ತಿರ ನಾನೇ ಮಾತಾಡುತ್ತೇನೆ. ರಘುವನ್ನು ಒಪ್ಪಿಸುವುದು ನಿನ್ನ ಕೆಲಸ.

ನಿನ್ನ
ಅಮ್ಮ